ಎರಡು ಟರ್ಬೊಗಳಿಗೆ ಒಂದು ಕಡಿವಾಣ

ಸುಗ್ಗಿಯ ಕಾಲದಲ್ಲಿ ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಪ್ರಯಾಣ ಮಾಡುವವರು ಒಂದು ಸದ್ದನ್ನು ಕೇಳದೆ ಇರಲಾರರು. ಭತ್ತದ ಮೂಟೆಗಳನ್ನು ಹೇರಿಕೊಂಡ ಲಾರಿಯು ವೇಗ ಪಡೆಯುವಾಗ ಎಂಜಿನ್ನಿನ ಗುಡುಗಿನ ನಡುವೆ ತೆಳುವಾದ ಸಿಳ್ಳೊಂದು ಹೊರಡುತ್ತದೆ. ಅದು ಟರ್ಬೊಚಾರ್ಜರಿನ ಧ್ವನಿ. ಈ ಸಿಳ್ಳನ್ನು ದಿನವೂ ಕೇಳುವ ವಿದ್ಯಾರ್ಥಿಯೊಬ್ಬನು ನಮ್ಮನ್ನು ಹೀಗೆ ಪ್ರಶ್ನಿಸಿದನು: “ಕೆಲವು ಕಾರುಗಳಲ್ಲಿ ಎರಡು ಟರ್ಬೊಗಳಿರುತ್ತವಂತೆ. ಅವುಗಳ ಒತ್ತಡವನ್ನು ಹೆಚ್ಚಿಸುವ ಬೂಸ್ಟ್ ಕಂಟ್ರೋಲರನ್ನು ಹೇಗೆ ಜೋಡಿಸುತ್ತಾರೆ, ಸಾರ್? ಅದರ ಕೊಳವೆ ಕಿತ್ತುಹೋದರೆ ಟರ್ಬೊ ಕೆಲಸ ನಿಲ್ಲಿಸುತ್ತದೆಯೆ?” ಎರಡನೆಯ ಪ್ರಶ್ನೆಗೆ ಹೆಚ್ಚಿನವರು “ಹೌದು” ಎಂದೇ ಉತ್ತರಿಸುತ್ತಾರೆ. ಸತ್ಯವು ಅದಕ್ಕೆ ತೀರ ವಿರುದ್ಧವಾಗಿದೆ.

ಕಮ್ಮಾರನು ತಿದಿಯನ್ನು ಒತ್ತಿದಷ್ಟೂ ಕುಲುಮೆಯ ಬೆಂಕಿ ಪ್ರಖರವಾಗುವುದನ್ನು ನಾವು ಬಲ್ಲೆವು. ಎಂಜಿನ್ನಿನ ಸಂಗತಿಯೂ ಅದೇ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದುದರಿಂದ ಹೆಚ್ಚು ಶಕ್ತಿಯನ್ನು ಬಯಸುವವರು ಹೆಚ್ಚು ಗಾಳಿಯನ್ನು ಸಿಲಿಂಡರಿನೊಳಕ್ಕೆ ಒತ್ತಿ ತುಂಬಬೇಕು. ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದಲೇ ಈ ಕೆಲಸವನ್ನು ಮಾಡಿಸುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು 1905ರಲ್ಲಿ ಪೇಟೆಂಟು ಪಡೆದನು. ಹೊಗೆಯು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಸೆಳೆದು, ಒತ್ತಿ, ಎಂಜಿನ್ನಿಗೆ ಕಳುಹಿಸುತ್ತದೆ. ದೊಡ್ಡ ಚಕ್ರವು ವೇಗ ಪಡೆಯಲು ಹೊತ್ತು ಹಿಡಿಯುವುದರಿಂದ ಕೆಲವು ಕಾರುಗಳಲ್ಲಿ ಎರಡು ಚಿಕ್ಕ ಟರ್ಬೊಗಳನ್ನು ಇಟ್ಟು, ಒಂದೊಂದಕ್ಕೂ ಅರ್ಧದಷ್ಟು ಸಿಲಿಂಡರುಗಳ ಹೊಗೆಯನ್ನು ಹಂಚುತ್ತಾರೆ. 1981ರಲ್ಲಿ ಇಟಲಿಯಲ್ಲಿ ಹೊರಬಂದ ಮಸೆರಾಟಿ ಬೈಟರ್ಬೊ ಕಾರಿನ ಹೆಸರಿನಲ್ಲಿಯೇ ಈ ಜೋಡಿ ಅಡಗಿದೆ.

ಆದರೆ ಇಲ್ಲೊಂದು ಅಪಾಯವುಂಟು. ಗಾಳಿ ಹೆಚ್ಚಿದರೆ ಹೊಗೆ ಹೆಚ್ಚುತ್ತದೆ. ಹೊಗೆ ಹೆಚ್ಚಿದರೆ ಚಕ್ರದ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದರೆ ಮತ್ತೆ ಗಾಳಿ ಹೆಚ್ಚುತ್ತದೆ. ಇದಕ್ಕೆ ಕಡಿವಾಣ ಹಾಕುವುದು ವೇಸ್ಟ್‌ಗೇಟ್ ಎಂಬ ಪುಟ್ಟ ಬಾಗಿಲು. ಇದು ತೆರೆದಾಗ ಹೊಗೆಯ ಒಂದು ಭಾಗವು ಚಕ್ರವನ್ನು ಮುಟ್ಟದೆಯೇ ಹೊರಟುಹೋಗುತ್ತದೆ. ಬಾಗಿಲನ್ನು ಮುಚ್ಚಿ ಹಿಡಿಯುವುದು ಒಂದು ಸ್ಪ್ರಿಂಗು. ಅದನ್ನು ತೆರೆಯುವುದು, ಟರ್ಬೊ ಒತ್ತಿದ ಗಾಳಿಯೇ. ಆ ಗಾಳಿಯು ಸಣ್ಣ ಕೊಳವೆಯ ಮೂಲಕ ಬಂದು ಒಂದು ರಬ್ಬರಿನ ಪೊರೆಯನ್ನು ತಳ್ಳುತ್ತದೆ.

ಲೆಕ್ಕ ಮಾಡಿ ನೋಡೋಣ. ಸ್ಪ್ರಿಂಗಿನ ಬಲ 100 ನ್ಯೂಟನ್, ಪೊರೆಯ ವಿಸ್ತೀರ್ಣ 20 ಚದರ ಸೆಂಟಿಮೀಟರು, ಅಂದರೆ 0.002 ಚದರ ಮೀಟರು ಎಂದಿಟ್ಟುಕೊಳ್ಳೋಣ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ 50,000 ಪಾಸ್ಕಲ್, ಎಂದರೆ 0.5 ಬಾರ್ ಆಗುತ್ತದೆ. ಗಾಳಿಯ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಇಷ್ಟು ಹೆಚ್ಚಾದೊಡನೆ ಬಾಗಿಲು ತೆರೆಯತೊಡಗುತ್ತದೆ. ಒತ್ತಡವು ಅಲ್ಲಿಯೇ ನಿಲ್ಲುತ್ತದೆ.

ಈಗ ಬೂಸ್ಟ್ ಕಂಟ್ರೋಲರಿನ ಗುಟ್ಟು ತಿಳಿಯುತ್ತದೆ. ಅದು ತಾನಾಗಿ ಯಾವ ಒತ್ತಡವನ್ನೂ ಹುಟ್ಟಿಸುವುದಿಲ್ಲ. ಪೊರೆಗೆ ಹೋಗುವ ಗಾಳಿಯಲ್ಲಿ ಕೊಂಚವನ್ನು ಸೋರಿಸಿ, ನಿಜವಾದ ಒತ್ತಡಕ್ಕಿಂತ ಕಡಿಮೆ ಒತ್ತಡವನ್ನು ಪೊರೆಗೆ ತೋರಿಸುತ್ತದೆ, ಅಷ್ಟೆ. ಏಳು ಪಾಲಿನಲ್ಲಿ ಐದು ಪಾಲು ಮಾತ್ರ ಪೊರೆಯನ್ನು ತಲುಪುವಂತೆ ಮಾಡಿದರೆ, ಪೊರೆಯಲ್ಲಿ 0.5 ಬಾರ್ ಆಗುವ ವೇಳೆಗೆ ಎಂಜಿನ್ನಿನಲ್ಲಿ 0.7 ಬಾರ್ ಆಗಿರುತ್ತದೆ. ಸರಳ ಕಂಟ್ರೋಲರಿನಲ್ಲಿ ತಿರುಪೊಂದು ಈ ಕೆಲಸವನ್ನು ಮಾಡುತ್ತದೆ. ಈಗಿನ ಹಲವು ಕಾರುಗಳಲ್ಲಿ ಸೆಕೆಂಡಿಗೆ ಅನೇಕ ಸಲ ತೆರೆದು ಮುಚ್ಚುವ ವಿದ್ಯುತ್ ಕವಾಟವು ಮಾಡುತ್ತದೆ.

ಜೋಡಿ ಟರ್ಬೊಗಳಲ್ಲಿ ಸಾಮಾನ್ಯವಾಗಿ ಒಂದೇ ಕಂಟ್ರೋಲರು ಸಾಕು. ಒತ್ತಿದ ಗಾಳಿಯ ಒಂದು ಕೊಳವೆಯು ಅದರೊಳಕ್ಕೆ ಬರುತ್ತದೆ. ಹೊರಟ ಕೊಳವೆಯು ಕವಲೊಡೆದು, ಸಮನಾದ ಉದ್ದದ ಎರಡು ಕೊಳವೆಗಳಾಗಿ ಎರಡು ಪೊರೆಗಳಿಗೆ ಹೋಗುತ್ತದೆ. ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮುಂದಾಗಿ ಮತ್ತೊಂದು ಹಿಂದಾದರೆ ಬಂಡಿಯು ಸರಿಯಾಗಿ ಸಾಗದಷ್ಟೆ. ಬೇರೆ ಬೇರೆ ತಿರುಪುಗಳನ್ನು ಇಟ್ಟು ಅವು ಸರಿಹೊಂದದಿದ್ದರೆ ಇಲ್ಲಿಯೂ ಒಂದು ಟರ್ಬೊ ಮತ್ತೊಂದರ ಹೊರೆಯನ್ನು ಹೊರಬೇಕಾಗುತ್ತದೆ.

ಇನ್ನು ಕೊಳವೆ ಕಿತ್ತುಹೋದರೆ? ಪೊರೆಗೆ ಗಾಳಿಯೇ ತಲುಪದು. ಸ್ಪ್ರಿಂಗು ಬಾಗಿಲನ್ನು ಮುಚ್ಚಿಯೇ ಹಿಡಿದಿರುತ್ತದೆ. ಒತ್ತಡವು ಮೇರೆಮೀರಿ ಏರುತ್ತದೆ. ಇದನ್ನು ತುಂಗಭದ್ರಾ ಜಲಾಶಯದೊಡನೆ ಹೋಲಿಸಿ ನೋಡಬಹುದು. ಸಿಂಧನೂರಿನ ಗದ್ದೆಗಳಿಗೆ ಎಡದಂಡೆ ಕಾಲುವೆಯಿಂದ ನೀರು ಬರುವುದು ಅಲ್ಲಿಂದಲೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಗ ಹಾದಿಯು ತೆರೆದುಕೊಂಡಿತು. ರೈತರ ನೀರು ಹರಿದುಹೋಯಿತು. ಅಲ್ಲಿ ಕೊಂಡಿ ಕಳಚಿದಾಗ ಹಾದಿ ತೆರೆಯಿತು. ಇಲ್ಲಿ ಕೊಂಡಿ ಕಳಚಿದಾಗ ಹಾದಿ ಮುಚ್ಚಿಯೇ ಉಳಿಯುತ್ತದೆ. ಯಾವ ಯಂತ್ರವನ್ನು ಕಂಡರೂ, “ಇದರ ಕೊಂಡಿ ಕಳಚಿದರೆ ಬಾಗಿಲು ಯಾವ ಕಡೆಗೆ ಸರಿಯುತ್ತದೆ?” ಎಂದು ಮೊದಲು ಕೇಳಿಕೊಳ್ಳಬೇಕು.

ಒತ್ತಡದೊಡನೆ ಉಷ್ಣವೂ ಏರುತ್ತದೆ. ಸಿಂಧನೂರಿನ ಬೇಸಗೆಯಲ್ಲಿ 40 ಡಿಗ್ರಿಯಿರುವ ಗಾಳಿಯನ್ನು, ಶಾಖ ಹೊರಹೋಗಲು ಎಡೆಗೊಡದೆ, 1.7 ಪಟ್ಟು ಒತ್ತಡಕ್ಕೆ ಒತ್ತಿದರೆ ಆದರ್ಶ ಲೆಕ್ಕದಲ್ಲಿಯೇ ಅದು ಸುಮಾರು 91 ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ನಿಜವಾದ ಟರ್ಬೊದಲ್ಲಿ ಇನ್ನೂ ಹೆಚ್ಚು. ಅತಿಯಾಗಿ ಬಿಸಿಯಾಗಿ ಒತ್ತಿಹೋದ ಮಿಶ್ರಣದ ಒಂದು ಭಾಗವು, ಕಿಡಿಯಿಂದ ಹೊರಟ ಜ್ವಾಲೆ ತನ್ನನ್ನು ಮುಟ್ಟುವ ಮೊದಲೇ ತಾನಾಗಿ ಸಿಡಿಯುತ್ತದೆ. ಈ ಸಿಡಿತವು ಪಿಸ್ಟನ್ನನ್ನೇ ಒಡೆಯಬಲ್ಲುದು. ಆದಕಾರಣ ಕೊಳವೆಗಳ ತುದಿಗಳನ್ನು ಬಿಗಿಪಟ್ಟಿಯಿಂದ ಭದ್ರಪಡಿಸದೆ, ಒತ್ತಡಮಾಪಕವಿಲ್ಲದೆ, ಬರಿಯ ಹುಮ್ಮಸ್ಸಿನಿಂದ ತಿರುಪಿಗೆ ಕೈಯಿಕ್ಕುವುದು ವಿವೇಕವಲ್ಲ.

ಕೊನೆಯಲ್ಲಿ ಓದುಗರಿಗೊಂದು ಅಭ್ಯಾಸ. ಅದೇ ಸ್ಪ್ರಿಂಗು, ಅದೇ ಪೊರೆ. ಆದರೆ ಅರ್ಧ ಪಾಲು ಒತ್ತಡ ಮಾತ್ರ ಪೊರೆಯನ್ನು ತಲುಪಿದರೆ ಬಾಗಿಲು ಎಷ್ಟು ಒತ್ತಡದಲ್ಲಿ ತೆರೆಯುತ್ತದೆ? ನಾಲ್ಕನೆಯ ಒಂದು ಪಾಲು ತಲುಪಿದರೆ? ಆ ಪಾಲು ಸೊನ್ನೆಯಾದರೆ? ಲೆಕ್ಕ ಹಾಕಿದವರಿಗೆ ನಮ್ಮ ವಿದ್ಯಾರ್ಥಿಯ ಎರಡನೆಯ ಪ್ರಶ್ನೆಯ ಉತ್ತರವು ತಾನಾಗಿಯೇ ದೊರೆಯುವುದು.