ಬೀರುವಿನ ಎಚ್‌ಎಂಟಿ ಕೈಗೆ ಬರಲಿ

ಹುಳಿಯಾರು ಸೀಮೆಯ ನಿಮ್ಮ ಮನೆಯ ಬೀರುವಿನಲ್ಲಿ ಅಪ್ಪನದೋ ತಾತನದೋ ಎಚ್‌ಎಂಟಿ ವಾಚು ಸುಮ್ಮನೆ ಬಿದ್ದಿದ್ದರೆ ದಯವಿಟ್ಟು ಹೊರತೆಗೆಯಿರಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ವಾಚುಗಳು ಆಮೇಲೆ ನಮ್ಮ ತುಮಕೂರಿನಲ್ಲೂ ತಯಾರಾದವು. ತುಮಕೂರಿನ ಆ ವಾಚು ಕಾರ್ಖಾನೆ ಈಗಿಲ್ಲ. ಚಿಕ್ಕಂದಿನಿಂದ ವಾಚಿನ ಮೋಹ ಬಿಡದವನಾಗಿ ಹೇಳುತ್ತೇನೆ, ವರ್ಷಗಟ್ಟಲೆ ನಿಂತ ವಾಚಿಗೆ ತಕ್ಷಣ ಕೀ ಕೊಡಬೇಡಿ. ಒಳಗಿನ ಎಣ್ಣೆ ಒಣಗಿರುತ್ತದೆ, ಚಕ್ರಗಳು ಸವೆಯುತ್ತವೆ. ಮೊದಲು ರಿಪೇರಿಯವರಲ್ಲಿ ಬಿಚ್ಚಿಸಿ, ತೊಳೆಸಿ, ಹೊಸ ಎಣ್ಣೆ ಹಾಕಿಸಿ. ಡಯಲ್‌ಗೆ ಹೊಸ ಬಣ್ಣ ಮಾತ್ರ ಬೇಡವೇ ಬೇಡ, ಮಾಸಿದ್ದೇ ಚೆಂದ. ಜನತಾ, ಪೈಲಟ್‌ನಂಥ ಕೀ ಕೊಡುವ ಮಾದರಿಗಳಿಗೆ ದಿನಾ ಬೆಳಿಗ್ಗೆ ಒಮ್ಮೆ ಕೀ ಕೊಡಿ, ಬಿಗಿಯಾದ ಕೂಡಲೇ ನಿಲ್ಲಿಸಿ. ತೆಂಗಿನಕಾಯಿ ಸುಲಿಯುವಾಗ ವಾಚನ್ನು ಕೈಯಿಂದ ಬಿಚ್ಚಿಡಿ. ಬೆವರು, ನಾರಿನ ಧೂಳು ಕೀ ಸಂದಿನಿಂದ ಒಳಗಿಳಿಯುತ್ತವೆ.