ಏರುದಾರಿಯಲ್ಲಿ ಹಗುರ ಗಿಯರ್

ಫ್ರಾನ್ಸ್ ದೇಶದ ಸೇಂತ್-ಎತಿಯೆನ್ ಪಟ್ಟಣದಿಂದ ಬೆಳಿಗ್ಗೆ ಸೈಕಲ್ ಏರಿ ಹೊರಟಿದ್ದೀರಿ ಎಂದುಕೊಳ್ಳಿ. (ಈ ಪಟ್ಟಣದ ಹೆಸರೇ ಸಂತ ಸ್ತೆಫಾನರದು.) ಸಂಜೆಗೆ ಸೇರಬೇಕಾದದ್ದು ಆರ್ದೆಶ್ ಸೀಮೆಯ ಬೆಟ್ಟದ ಮೇಲಿನ ಲಾಲೂವೆ ಎಂಬ ಪುಣ್ಯಕ್ಷೇತ್ರ. ದೂರ ಎಪ್ಪತ್ತು ಕಿ.ಮೀ.ಗಳ ಆಸುಪಾಸು. ಅದೇನು ಮಹಾ ಎನಿಸಬಹುದು. ಆದರೆ ಊರು ದಾಟುತ್ತಿದ್ದಂತೆ ಏರು ಶುರು. ಪ್ಲಾಂಫುವಾ ಹಳ್ಳಿ ಹಿಂದೆ ಸರಿದು ಕಾಡು ಮುಚ್ಚಿಕೊಂಡ ಮೇಲೂ ಅದು ಮುಗಿಯುವುದಿಲ್ಲ. ಹನ್ನೆರಡು-ಹದಿಮೂರು ಕಿ.ಮೀ. ತುಳಿದ ಮೇಲೆ 1161 ಮೀಟರ್ ಎತ್ತರದ ರೆಪ್ಯುಬ್ಲಿಕ್ ಘಟ್ಟದ ನೆತ್ತಿ.

ಅಲ್ಲಿ ಪೋಲ್ ದ ವಿವಿ ಎಂಬವರ ಸ್ಮಾರಕವಿದೆ. 'ವೆಲೊಸಿಯೊ' ಎಂಬ ಹೆಸರಿನಿಂದ ಬರೆಯುತ್ತಿದ್ದ ಇವರು 1887ರಲ್ಲಿ ಸೇಂತ್-ಎತಿಯೆನ್‌ನಲ್ಲಿ ಸೈಕಲ್ ಸವಾರರಿಗಾಗಿ ಪತ್ರಿಕೆ ಆರಂಭಿಸಿದರು. ಸೈಕಲ್ಲಿಗೆ ಗಿಯರ್ ಬೇಕೆಂದು ಜೀವಮಾನವೆಲ್ಲ ವಾದಿಸಿದರು. ಹಿಂದಿನ ಚಕ್ರದ ದೊಡ್ಡ ಹಲ್ಲುಗಾಲಿಗೆ ಚೈನು ಬಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸಾಗುವ ದೂರ ಕಡಿಮೆ, ಕಾಲಿಗೆ ಬೀಳುವ ಭಾರವೂ ಕಡಿಮೆ. ನಿಧಾನವಾದರೂ ಏರು ಹತ್ತಬಹುದು. ಇಷ್ಟು ಸರಳ ಸಂಗತಿಯನ್ನು ಒಪ್ಪಲು ಪಂದ್ಯದ ಹಿರಿಯರಿಗೆ ಎಷ್ಟು ಕಾಲ ಬೇಕಾಯಿತು ಗೊತ್ತೇ? 1903ರ ಮೊದಲ 'ತೂರ್ ದ ಫ್ರಾನ್ಸ್' ಪಂದ್ಯ ಇದೇ ಘಟ್ಟ ಹತ್ತಿತು. ಚೈನು ದಾಟಿಸುವ ಗಿಯರ್‌ಗೆ ಆ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ! ಅಲ್ಲಿಯ ತನಕ ಸವಾರರು ಇಳಿದು, ಹಿಂಚಕ್ರ ಕಳಚಿ, ತಿರುಗಿಸಿ ಹಾಕುತ್ತಿದ್ದರು. ಗಿಯರ್ ಎಂದರೆ ವಯಸ್ಸಾದವರ ಆಸರೆ ಎಂಬ ತಾತ್ಸಾರ. ಬರೀ ಹೆಮ್ಮೆಗಾಗಿ ಪೆಡಲ್ ತುಳಿಯಬಾರದು ಎಂಬುದು ವೆಲೊಸಿಯೊರವರ ನಿಯಮಗಳಲ್ಲಿ ಒಂದಾಗಿತ್ತು.

ಇನ್ನು ಇಳಿಜಾರು. ಬೂರ್-ಅರ್ಜಾಂತಾಲ್ ದಾಟಿ ಆನೊನೆ ಪಟ್ಟಣ. ಕಾಗದ ತಯಾರಿಸುವ ಮನೆತನದ ಮೊಂಗೊಲ್ಫಿಯೆ ಸಹೋದರರು 1783ರ ಜೂನ್ 4ರಂದು ಬಿಸಿಗಾಳಿಯ ಬಲೂನನ್ನು ಹಾರಿಸಿ ತೋರಿಸಿದ್ದು ಇಲ್ಲೇ. ಮಧ್ಯಾಹ್ನದ ರೊಟ್ಟಿ ತಿನ್ನಿ, ಹಸಿವಾಗುವ ಮೊದಲೇ. ಸಾತಿಯೂ ಹಳ್ಳಿಯಾಚೆ ಮತ್ತೆ ಏರು ಕಾದಿದೆ.

ಈ ಬೆಟ್ಟಗಳಲ್ಲಿ ಚಳಿಗಾಲದ ಹಿಮ ತುಳಿದು ಬಡ ರೈತರ ಹಳ್ಳಿಗಳಿಗೆ ನಡೆದವರು ಯೇಸುಸಭೆಯ ಸಂತ ಜಾನ್ ಫ್ರಾನ್ಸಿಸ್ ರೇಜಿಸರು. 1640ರ ಕ್ರಿಸ್ತಜಯಂತಿಯ ಹೊತ್ತಿಗೆ ದಾರಿ ತಪ್ಪಿ, ಪಾಳುಗುಡಿಸಲಿನಲ್ಲಿ ರಾತ್ರಿ ಕಳೆದು, ಜ್ವರದಲ್ಲೇ ಲಾಲೂವೆ ಸೇರಿದರು. ಆದರೂ ಪ್ರಬೋಧನೆ ನೀಡಿದರು, ಪಾಪನಿವೇದನೆ ಆಲಿಸಿದರು. ಡಿಸೆಂಬರ್ 31ರಂದು ಅಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು. ಆಗ ಅವರಿಗೆ ಬರೀ 43 ವರ್ಷ.

ಅವರ ಸಮಾಧಿಗೆ 1806ರಲ್ಲಿ ಸುಮಾರು ನೂರು ಕಿ.ಮೀ. ನಡೆದು ಬಂದ ಇಪ್ಪತ್ತರ ಯುವಕನೊಬ್ಬನ ಕಥೆಗಾಗಿಯೇ ನಿಮ್ಮನ್ನು ಇಷ್ಟು ದೂರ ಕರೆತಂದೆ. ಆತ ಜಾನ್ ಮೇರಿ ವಿಯಾನ್ನಿ. ಗುರುವಾಗುವ ಆಸೆ, ಆದರೆ ಲತೀನ್ ಭಾಷೆ ತಲೆಗೆ ಹತ್ತುತ್ತಿರಲಿಲ್ಲ. ತನಗಿಂತ ಚಿಕ್ಕವರು ಮುಂದೆ ಹೋಗುತ್ತಿದ್ದರು. ಮನೆಗೆ ಮರಳಿಬಿಡುವ ಮನಸ್ಸೂ ಆಯಿತು. ಕಲಿಸುತ್ತಿದ್ದ ಬಾಲೆ ಸ್ವಾಮಿಯವರು ಗದರಲಿಲ್ಲ, ಕೈಬಿಡಲೂ ಇಲ್ಲ. ಆತನ ವೇಗಕ್ಕೆ ತಕ್ಕಂತೆ ಪಾಠ ಮುಂದುವರಿಸಿದರು. ಗುರುದೀಕ್ಷೆಯಾದದ್ದು 1815ರಲ್ಲಿ, 29ನೆಯ ವಯಸ್ಸಿಗೆ. ಆರ್ಸ್ ಎಂಬ ಕುಗ್ರಾಮದ ಆ ಗುರುವನ್ನು ಧರ್ಮಸಭೆ 1925ರಲ್ಲಿ ಸಂತರೆಂದು ಸಾರಿತು.

ತಂದೆತಾಯಂದಿರೇ, ನಿಮ್ಮ ಮನೆಯಲ್ಲೂ ಪುಸ್ತಕದ ಮುಂದೆ ಕಣ್ಣೀರು ಹಾಕುವ ಮಗುವಿದೆಯೇ? ಪಕ್ಕದ ಮನೆಯವರ ಅಂಕಪಟ್ಟಿ ನೋಡಿ ಬಂದ ದಿನ ನೀವು ಆಡಿದ ಮಾತು ನೆನಪಿದೆಯೇ? ಟ್ಯೂಷನ್ ಮೇಲೆ ಟ್ಯೂಷನ್ ಹಾಕಿದಾಗ, ಆ ಭಾರ ತುಳಿಯುತ್ತಿರುವ ಕಾಲು ಯಾರದು, ಹೆಮ್ಮೆ ಯಾರದು? ಇವತ್ತು ರಾತ್ರಿ ಜಪಸರ ಮುಗಿದ ಮೇಲೆ ಗಂಡಹೆಂಡಿರು ಕೂತು ಇದನ್ನು ಮಾತಾಡಿಕೊಳ್ಳಿ.

ಹೋಗುವಾಗ ದಾರಿಯುದ್ದಕ್ಕೂ ಭಿಕ್ಷೆ ಬೇಡಿಯೇ ಊಟ ಮಾಡುತ್ತೇನೆಂದು ವಿಯಾನ್ನಿ ಹರಕೆ ಹೊತ್ತಿದ್ದರು. ಹಳ್ಳಿಗರು ಅಲೆಮಾರಿಯೆಂದು ಶಂಕಿಸಿ ಬಾಗಿಲು ಹಾಕಿಕೊಂಡರು. ಲಾಲೂವೆಯಲ್ಲಿ ಪಾಪನಿವೇದನೆ ಆಲಿಸಿದ ಗುರುಗಳು ಆ ಹರಕೆಯನ್ನೇ ಬದಲಿಸಿದರು. ವಾಪಸು ಹೋಗುವಾಗ ಬೇಡಬೇಡ, ಸಿಕ್ಕ ಬಡವರಿಗೆ ನೀನೇ ಕೊಡುತ್ತಾ ಹೋಗು ಎಂದರು. ಆತ ಹಾಗೆಯೇ ಕೊಡುತ್ತಾ ಬೆಟ್ಟವಿಳಿದು, ಮತ್ತೆ ಬಾಲೆ ಸ್ವಾಮಿಯವರ ಮನೆಗೆ, ಲತೀನ್ ಪುಸ್ತಕದ ಮುಂದಕ್ಕೆ ಬಂದು ಕುಳಿತರು.