ಕೃಷ್ಣನಿಗೂ ಜಾಗ ಬಿಡಬೇಕು

ಫೋಟೊಗ್ರಫಿ ಕಲಿಯುತ್ತಿದ್ದ ಆ ಹುಡುಗಿಗೆ ನಾನು ಕೊಟ್ಟಿದ್ದ ಕೆಲಸ ಇಷ್ಟೇ: ಒಬ್ಬ ನರ್ತಕಿಯ ಚಿತ್ರ ತೆಗೆಯಬೇಕು, ಅದರಲ್ಲಿ ನಾಟ್ಯದ ಜೊತೆಗೆ ಆ ನರ್ತಕಿಯೂ ಕಾಣಬೇಕು. ಅವಳು ಗೆಳತಿಯ ಭರತನಾಟ್ಯ ಕಾರ್ಯಕ್ರಮವನ್ನು ಆರಿಸಿಕೊಂಡಳು.

ವರ್ಣ ಎಂಬ ದೀರ್ಘ ನೃತ್ಯಭಾಗ ಶುರುವಾಗುವ ಹೊತ್ತಿಗೆ ಆಯೋಜಕರೊಬ್ಬರು ಬಂದು ಅವಳನ್ನು ವೇದಿಕೆಯ ಕೆಳಗೆ, ಒಂದು ಮೂಲೆಯಲ್ಲಿ ಕೂರಿಸಿದರು. "ಇಲ್ಲಿಂದ ಏಳಬೇಡಮ್ಮ, ಕ್ಯಾಮೆರಾ ಸದ್ದೂ ಬರಕೂಡದು" ಎಂದರು. ಅಲ್ಲಿಂದ ನೋಡಿದರೆ ವೇದಿಕೆಯ ಅಂಚೇ ಪಾದಗಳನ್ನು ನುಂಗುತ್ತಿತ್ತು. ಅರೆಮಂಡಿಯಲ್ಲಿ ಮೊಣಕಾಲುಗಳ ನಡುವೆ ಮೂಡುವ ವಜ್ರದಾಕಾರ ಅರ್ಧಕ್ಕೇ ತುಂಡಾಗುತ್ತಿತ್ತು. ಸದ್ದಿಲ್ಲದಿರಲೆಂದು ಅವಳು ಎಲೆಕ್ಟ್ರಾನಿಕ್ ಷಟರ್ ಹಾಕಿದಳು. ಆ ಷಟರ್ ದೃಶ್ಯವನ್ನು ಸಾಲುಸಾಲಾಗಿ ಓದುತ್ತದೆ. ವೇದಿಕೆಯ ಎಲ್‌ಇಡಿ ದೀಪಗಳೋ ಕಣ್ಣಿಗೆ ಕಾಣದಂತೆ ಮಿಣುಕುತ್ತಿದ್ದವು. ನರ್ತಕಿಯ ಮುಖದ ಮೇಲೆ, ಸೀರೆಯ ಮೇಲೆ, ಎಲ್ಲೆಲ್ಲೂ ಕಪ್ಪು ಪಟ್ಟಿಗಳು ಬಂದವು. ಷಟರ್ ವೇಗವನ್ನು ಸೆಕೆಂಡಿನ 100ನೇ ಒಂದು ಭಾಗಕ್ಕೆ ಇಳಿಸಿದಾಗ ಪಟ್ಟಿಗಳು ಮಸುಕಾದವು, ಆದರೆ ಜತಿಯ, ಅಂದರೆ ತಾಳಕ್ಕೆ ಹೆಣೆದ ಹೆಜ್ಜೆಗಳ, ಓಟದಲ್ಲಿ ಬೆರಳುಗಳು ಕಲಸಿಹೋದವು. ನಟ್ಟುವಾಂಗದ ತಾಳ ಮುಂದೆ ಓಡುತ್ತಿತ್ತು, ಇವಳ ಕಣ್ಣಲ್ಲಿ ನೀರು. ವರ್ಣ ಮುಗಿಯುವವರೆಗಾದರೂ ಸಾಮಾನ್ಯ ಷಟರ್ ಬಳಸಲು ಬಿಡಿ ಎಂದು ನಾನು ಹೋಗಿ ಕೇಳಿಕೊಂಡೆ. ಆಗುವುದಿಲ್ಲ ಎಂದರು. ಪ್ರೇಕ್ಷಕರ ನಡುವೆ ಮೊಬೈಲುಗಳು ಬೆಳಗುತ್ತಲೇ ಇದ್ದವು. ಅವರಿಗೆ ಯಾರೂ ಏನೂ ಹೇಳಲಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ.

ಆಮೇಲೆ ಅವಳಿಗೆ ನಾನು ಛಾಯಾಗ್ರಾಹಕಿ ಬಾರ್ಬರಾ ಮಾರ್ಗನ್ ತೆಗೆದ ಚಿತ್ರಗಳನ್ನು ತೋರಿಸಿದೆ. ಅಮೆರಿಕದ ನರ್ತಕಿ ಮಾರ್ಥಾ ಗ್ರಹಾಂ ಅವರ 'ಲೆಟರ್ ಟು ದ ವರ್ಲ್ಡ್' ನೃತ್ಯದ 1940ರ ಚಿತ್ರ ಜಗತ್ಪ್ರಸಿದ್ಧ: ಮುಂದಕ್ಕೆ ಬಾಗಿದ ದೇಹ, ಬೀಸಿ ಹರಡಿದ ಲಂಗ. ಅದು ಪ್ರದರ್ಶನದ ನಡುವೆ ಕದ್ದು ಹಿಡಿದ ಕ್ಷಣವಲ್ಲ. ಮಾರ್ಗನ್ ನೃತ್ಯಗಳನ್ನು ಮತ್ತೆಮತ್ತೆ ನೋಡಿ, ಸಾರ ಹೊಮ್ಮುವ ಭಂಗಿಯನ್ನು ಗುರುತಿಸಿ, ಆಮೇಲೆ ಅದನ್ನು ಕ್ಯಾಮೆರಾಕ್ಕಾಗಿಯೇ ಬೆಳಕು ಹೊಂದಿಸಿ ತೆಗೆಯುತ್ತಿದ್ದರು. 1941ರಲ್ಲಿ ಆ ಚಿತ್ರಗಳು ಪುಸ್ತಕವಾದವು.

ಅದನ್ನು ಕೇಳಿ ಹುಡುಗಿ ಗೆಳತಿಯ ಅಭ್ಯಾಸದ ಕೋಣೆಗೆ ಹೋದಳು. ಕಿಟಕಿಯ ಬೆಳಕು, ಮೇಕಪ್ಪಿಲ್ಲದ ಮುಖ, ಅಭ್ಯಾಸದ ಸೀರೆ.

ಅಲ್ಲಿ ಕಿವಿ ಕೆಲಸಕ್ಕೆ ಬಂತು. ಜತಿಯನ್ನು ಮುಗಿಸುವ ಲಯದ ತುಣುಕಾದ ತೀರ್ಮಾನ ಸಾಮಾನ್ಯವಾಗಿ ಮೂರು ಸಲ ಬರುತ್ತದೆ. ಮೊದಲೆರಡು ಸಲ ನೋಡಿಕೊಳ್ಳಬೇಕು. ಮೂರನೆಯದಕ್ಕೆ, ಕಣ್ಣಿಗೆ ಕಾಣುವ ಒಂದಿಷ್ಟು ಮುಂಚೆಯೇ, ಬೆರಳು ಒತ್ತಬೇಕು. ಕೈ ಹೋದತ್ತ ದೃಷ್ಟಿ ಹೋಗುವುದು ನಾಟ್ಯದ ಪಾಠ. ಹಾಗಾಗಿ ಕೈ ಚಾಚಿದ ಕಡೆ ಚೌಕಟ್ಟಿನಲ್ಲಿ ಜಾಗ ಬೇಕು, ಬೆರಳ ತುದಿ ಕತ್ತರಿಸಬಾರದು.

ಆದರೆ ಇದೆಲ್ಲ ಶಾಸ್ತ್ರದ ಚೆಲುವು, ಗುರು ಕೊಟ್ಟದ್ದು. ಅದು ಚೆನ್ನಾಗಿ ಬಂದರೂ ನರ್ತಕಿ ಇನ್ನೂ ಕಂಡಿರಲಿಲ್ಲ. ಕೊನೆಗೆ ಹುಡುಗಿ ನೇರವಾಗಿ ಕೇಳಿಬಿಟ್ಟಳು: "ಗುರುಗಳು ಹೇಳಿಕೊಡದೆ ನೀನೇ ಸೇರಿಸಿದ್ದು ಯಾವುದೇ?"

"ಯಶೋದೆ ಮಗನ್ನ ಗದರಿಸೋಕೆ ಹೋಗಿ ನಗು ತಡೀತಾಳಲ್ಲ, ಅದು. ನಮ್ಮಮ್ಮ ಹಾಗೇ ಮಾಡೋದು."

ಅಲ್ಲಿಂದ ಚಿತ್ರ ಬದಲಾಯಿತು. ರೂಲ್ ಆಫ್ ಥರ್ಡ್ಸ್ ಪ್ರಕಾರ ನರ್ತಕಿಯನ್ನು ಒಂದು ಬದಿಗೆ ಕೂರಿಸುವುದು ಅವಳಿಗೆ ಗೊತ್ತಿತ್ತು. ಉಳಿದ ಖಾಲಿ ಜಾಗ ಯಾರದೆಂದು ಆಗ ತಿಳಿಯಿತು. ಬೆಣ್ಣೆ ಮೆತ್ತಿಕೊಂಡ ಕೃಷ್ಣ ಯಶೋದೆಯ ಮೊಣಕಾಲ ಹತ್ತಿರ ನಿಂತಿದ್ದಾನೆ. ಕ್ಯಾಮೆರಾವನ್ನು ಅವನ ಎತ್ತರಕ್ಕೆ ಇಳಿಸಿ, ಅವನ ಜಾಗವನ್ನು ಚೌಕಟ್ಟಿನಲ್ಲಿ ಹಾಗೇ ಬಿಟ್ಟಳು. ಎತ್ತಿದ ತೋರುಬೆರಳು, ಬಿಗಿಹಿಡಿದ ತುಟಿ, ಕೆಳಗೆ ನೆಟ್ಟ ಕಣ್ಣು. ನರ್ತಕಿಯ ತಾಯಿ ಆ ಚಿತ್ರ ನೋಡಿದವರೇ ಮಗಳನ್ನು ಕರೆದು ತೋರಿಸಿ ಜೋರಾಗಿ ನಕ್ಕರು.

ಆಯೋಜಕರಲ್ಲಿ ನನ್ನದೊಂದು ಕೋರಿಕೆ. ರಸಿಕರಿಗೆ ತೊಂದರೆಯಾಗಬಾರದೆಂಬ ನಿಮ್ಮ ಕಾಳಜಿ ಸರಿ. ಮಧ್ಯಾಹ್ನ ಹೇಗೂ ದೀಪಗಳನ್ನು ಹಚ್ಚಿ ಪರೀಕ್ಷಿಸುತ್ತೀರಿ, ಕಲಾವಿದರೂ ವೇದಿಕೆ ಅಳೆಯಲು ಬಂದಿರುತ್ತಾರೆ. ಆ ಹೊತ್ತಿನಲ್ಲಿ ಕಲಿಯುವ ಮಕ್ಕಳಿಗೆ ಅರ್ಧ ಗಂಟೆ ಬಾಗಿಲು ತೆರೆಯಿರಿ.